37 ನಾಟಕ, ಮೂರು ಜನ, ಒಂದು ಪಬ್ಬು

ಟಿಕೆಟ್ 12 ಪೌಂಡ್. ಜಾಗ, ಇಂಗ್ಲೆಂಡಿನ ಲೆಮಿಂಗ್ಟನ್ ಸ್ಪಾದ ಒಂದು ಹಳೇ ಪಬ್ಬಿನ ಮಹಡಿ. ಆಡಿದವರು ಊರಿನದೇ ಒಂದು ಹವ್ಯಾಸಿ ತಂಡ. ಆಡಿದ್ದು ಶೇಕ್ಸ್‌ಪಿಯರ್. ಅವನ ಯಾವ ನಾಟಕ ಅಂತ ಕೇಳಿದರೆ, ಎಲ್ಲಾ ನಾಟಕ. 37 ನಾಟಕಗಳನ್ನು ಮೂರೇ ಜನ ಒಂದೇ ಸಂಜೆಯಲ್ಲಿ ಆಡಿ ಮುಗಿಸಿ, ನಮ್ಮನ್ನು ಹತ್ತು ಗಂಟೆಯೊಳಗೆ ಮನೆಗೆ ಕಳಿಸಿದರು. ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಜೊತೆಗೆ ಬಂದಿದ್ದ ನಮ್ಮ ಮಾವನವರು ಐದಕ್ಕೆ ಐದೂ ಕೊಡು ಅಂದರು. ಅವರ ಲೆಕ್ಕ ಬೇರೆ, ಅದನ್ನೂ ಹೇಳುತ್ತೇನೆ.

ನಾಟಕದ ಹೆಸರು 'ದಿ ಕಂಪ್ಲೀಟ್ ವರ್ಕ್ಸ್ ಆಫ್ ವಿಲಿಯಂ ಶೇಕ್ಸ್‌ಪಿಯರ್, ಅಬ್ರಿಡ್ಜ್ಡ್'. ಬರೆದವರು ಆಡಂ ಲಾಂಗ್, ಡೇನಿಯಲ್ ಸಿಂಗರ್, ಜೆಸ್ ವಿನ್‌ಫೀಲ್ಡ್ ಅನ್ನುವ ಮೂವರು. ಇವರ ತಂಡದ ಹೆಸರು ರೆಡ್ಯೂಸ್ಡ್ ಶೇಕ್ಸ್‌ಪಿಯರ್ ಕಂಪನಿ. 1981ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾಗಿದ್ದು. ಅಲ್ಲಿನ ಜಾತ್ರೆಗಳಲ್ಲಿ ಚಿಕ್ಕದಾಗಿ ಹ್ಯಾಮ್ಲೆಟ್ ಆಡಿ, ಕೊನೆಗೆ ಜನರ ಮುಂದೆ ಟೋಪಿ ಹಿಡಿದು ದುಡ್ಡೆತ್ತುತ್ತಿದ್ದರು. 1987ರಲ್ಲಿ ಎಡಿನ್‌ಬರಾ ಫ್ರಿಂಜ್ ಉತ್ಸವಕ್ಕೆ ಈ ಪೂರ್ತಿ ನಾಟಕ ಕಟ್ಟಿಕೊಂಡು ಬಂದರು. 1996ರಲ್ಲಿ ಲಂಡನ್ನಿನ ಕ್ರೈಟೀರಿಯನ್ ಥಿಯೇಟರಿಗೆ ಬಂದದ್ದು ಒಂಬತ್ತು ವರ್ಷ ಅಲ್ಲಿಂದ ಕದಲಲಿಲ್ಲ. ಈಗ ಅದು ಎಲ್ಲರ ಸ್ವತ್ತಿನ ಹಾಗೆ ಆಗಿದೆ. ರಾಯಲ್ಟಿ ಕಟ್ಟಿ, ಕಾಲೇಜುಗಳು, ಹವ್ಯಾಸಿ ತಂಡಗಳು ಆಡುತ್ತಲೇ ಇರುತ್ತವೆ.

ಇಲ್ಲಿ ಆಡೋದರಲ್ಲಿ ಒಂದು ಮಜಾ ಇದೆ. ಇಲ್ಲಿಂದ ಕಾರಲ್ಲಿ ಅರ್ಧ ಗಂಟೆ ಹೋದರೆ ಸ್ಟ್ರಾಟ್‌ಫರ್ಡ್, ಶೇಕ್ಸ್‌ಪಿಯರ್ ಹುಟ್ಟಿದ ಊರು. ಅಲ್ಲಿರುವುದು ರಾಯಲ್ ಶೇಕ್ಸ್‌ಪಿಯರ್ ಕಂಪನಿ. ಅದೂ ಆರ್‌ಎಸ್‌ಸಿ, ಇದೂ ಆರ್‌ಎಸ್‌ಸಿ. ಬುಕ್ ಮಾಡುವಾಗ ಹುಷಾರು. ಒಂದರಲ್ಲಿ ವೆಲ್ವೆಟ್ ಸೀಟು, ಇನ್ನೊಂದರಲ್ಲಿ ಪಬ್ಬಿನ ಸ್ಟೂಲು.

ಸ್ಟೇಜ್ ಅಂದರೆ ಮೂಲೆಯಲ್ಲಿ ಜೋಡಿಸಿದ ನಾಲ್ಕಾರು ಹಲಗೆ. ಹಿಂದೆ ಕೆಂಪು ಪರದೆ. ಪಕ್ಕದ ಗೋಡೆಯ ಡಾರ್ಟ್ ಬೋರ್ಡ್ ಕಾಣದಿರಲಿ ಅಂತ ಅದಕ್ಕೊಂದು ಬೆಡ್‌ಶೀಟ್ ಹೊದಿಸಿದ್ದರು. ಆಡಿದ ಮೂವರೂ ಹೊಟ್ಟೆಪಾಡಿಗೆ ಬೇರೆ ಕೆಲಸ ಮಾಡುವವರು. ಪ್ರೋಗ್ರಾಂ ಶೀಟಿನಲ್ಲೇ ಹಾಕಿದ್ದರು. ಒಬ್ಬ ಪ್ರೈಮರಿ ಸ್ಕೂಲ್ ಮೇಷ್ಟ್ರು, ಒಬ್ಬ ಪ್ಲಂಬರ್, ಇನ್ನೊಬ್ಬ ಕೌನ್ಸಿಲ್ ಆಫೀಸಿನ ನೌಕರ. ನಾನು ಅವರನ್ನು ಹಾಗೇ ಗುರುತಿಟ್ಟುಕೊಂಡೆ, ಇಲ್ಲೂ ಹಾಗೇ ಕರೆಯುತ್ತೇನೆ. ಪ್ಲಂಬರ್ ಆರಡಿ ಮೇಲಿದ್ದಾನೆ, ಕೆಂಚು ಗಡ್ಡ. ಹೆಣ್ಣು ಪಾತ್ರಗಳೆಲ್ಲ ಅವನದೇ. ಎಲ್ಲಾ ಹೆಣ್ಣಿಗೂ ಸೇರಿ ಒಂದೇ ಹಳದಿ ವಿಗ್ಗು.

ಇನ್ನು ನಮ್ಮ ಮಾವನವರು. ಗುಬ್ಬಿ ಕಡೆಯವರು. ಬೇಸಿಗೆ ಕಳೆಯೋಕೆ ಇಲ್ಲಿಗೆ ಬಂದಿದ್ದಾರೆ. ಊರಲ್ಲಿದ್ದಾಗ ಕುರುಕ್ಷೇತ್ರ ನಾಟಕದಲ್ಲಿ ಶಕುನಿ ಪಾರ್ಟು ಮಾಡುತ್ತಿದ್ದವರು. ತುಮಕೂರು, ಮಂಡ್ಯ, ಹಾಸನದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಲದ ಕೆಲಸ ಮುಗಿದ ಮೇಲೆ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ತಿಂಗಳುಗಟ್ಟಲೆ ಕಂದ, ವೃತ್ತ ಬಾಯಿಪಾಠ ಮಾಡಿ, ಪಾರ್ಟಿಗೆ ಇಷ್ಟು ಅಂತ ಕೈಯಿಂದ ದುಡ್ಡು ಹಾಕಿ, ರಾತ್ರಿಯಿಡೀ ಆಡೋ ನಾಟಕ. ಕೃಷ್ಣ, ದುರ್ಯೋಧನನ ಪಾರ್ಟಿಗೆ ರೇಟು ಜಾಸ್ತಿ. ಮಾವನವರಿಗೆ ಇಂಗ್ಲಿಷ್ ಓದೋಕೆ ಬರುತ್ತದೆ, ಆದರೆ ಇವರು ಮಾತಾಡೋ ಸ್ಪೀಡಿಗೆ ಹಿಡಿಯೋಕಾಗಲ್ಲ. ಮೊದಲೇ ಹೇಳಿದ್ದೆ.

"ಮಾವ, ಮಾತು ಪೂರ್ತಿ ಗೊತ್ತಾಗದೇ ಇರಬಹುದು. ಬೇಜಾರಾದರೆ ಹೇಳಿ, ಇಂಟರ್ವಲ್‌ನಲ್ಲಿ ಹೊರಟುಬಿಡೋಣ."

"ನಾಟಕ ನೋಡೋಕೆ ಮಾತ್ಯಾಕಮ್ಮ ಬೇಕು? ಕಾಲು ನೋಡಿದರೆ ಸಾಕು."

ಅವರು ನಿಜಕ್ಕೂ ಕಾಲೇ ನೋಡುತ್ತಿದ್ದರು. ಪಾತ್ರಧಾರಿ ಒಳಗೆ ಬರುವಾಗ ಯಾವ ಕಾಲು ಮುಂದಿಡುತ್ತಾನೆ, ನಿಂತಾಗ ಭಾರ ಎಲ್ಲಿ ಹಾಕುತ್ತಾನೆ, ಇದು ಅವರ ಪರೀಕ್ಷೆ. ಒಬ್ಬನೇ ಹತ್ತು ಪಾತ್ರ ಮಾಡುವ ಈ ನಾಟಕಕ್ಕೆ ಇದಕ್ಕಿಂತ ಒಳ್ಳೇ ಪರೀಕ್ಷೆ ಇಲ್ಲ ಅಂತ ನನಗೆ ಆಮೇಲೆ ಅನ್ನಿಸಿತು.

ಶುರುವಾಗೋದು ಭಾಷಣದಿಂದ. ಕೌನ್ಸಿಲ್ ನೌಕರ ಕೋಟು ಹಾಕಿಕೊಂಡು ದೊಡ್ಡ ವಿದ್ವಾಂಸನ ಗತ್ತಿನಲ್ಲಿ ಬರುತ್ತಾನೆ. ಕೈಯಲ್ಲಿ ಚೀಟಿಗಳು. ಶೇಕ್ಸ್‌ಪಿಯರನ ಜೀವನ ಚರಿತ್ರೆ ಓದುತ್ತಾ ಓದುತ್ತಾ ಚೀಟಿ ಕಲೆಸಿಹೋಗಿ, ಅದು ಯಾವಾಗ ಹಿಟ್ಲರನ ಕಥೆಯಾಯಿತು ಅಂತ ಅವನಿಗೂ ಗೊತ್ತಾಗಲ್ಲ. ಈ ಜೋಕು ಸ್ಕ್ರಿಪ್ಟಿನಲ್ಲೇ ಇರೋದು. ಆದರೆ ಅವನು ಚೂರೂ ನಗದೆ, ಸನ್ಮಾನ ಸಮಾರಂಭದ ಅಧ್ಯಕ್ಷರ ಧಾಟಿಯಲ್ಲೇ ಕೊನೆತನಕ ಓದಿದ್ದಕ್ಕೆ ಜನ ಬಿದ್ದು ಬಿದ್ದು ನಕ್ಕರು.

ಮೊದಲ ನಾಟಕ ರೋಮಿಯೋ ಜೂಲಿಯೆಟ್. ಇದಕ್ಕೆ ಮಾತ್ರ ಸ್ವಲ್ಪ ಧಾರಾಳವಾಗಿ ಸಮಯ ಕೊಟ್ಟಿದ್ದಾರೆ. ಪ್ಲಂಬರ್ ಜೂಲಿಯೆಟ್. ಬಾಲ್ಕನಿ ಅಂದರೆ ಬಿಯರ್ ಕ್ರೇಟು. ರೋಮಿಯೋ ಆಗಿದ್ದ ಮೇಷ್ಟ್ರು ಅವನ ಸೊಂಟದಷ್ಟೇ ಎತ್ತರ. ಜೂಲಿಯೆಟ್ ಕ್ರೇಟು ಹತ್ತಿ ನಿಂತ ಮೇಲೆ ಮುತ್ತಿನ ಸೀನ್ ಹೇಗಾಗಬೇಕು ನೀವೇ ಯೋಚಿಸಿ. ಇಬ್ಬರೂ ಸಾಯುವ ಕೊನೇ ಸೀನಿನಲ್ಲಿ ಜೂಲಿಯೆಟ್ ಗಡ್ಡ ಸರಿ ಮಾಡಿಕೊಂಡು, ಆರಾಮಾಗಿ ಬೀಳೋಕೆ ಜಾಗ ನೋಡಿಕೊಂಡು ಬಿದ್ದಳು.

ಪಕ್ಕದಲ್ಲಿ ಕೂತಿದ್ದ ವಯಸ್ಸಾದ ದಂಪತಿಗೆ ಇದು ಸ್ವಲ್ಪ ಅತಿಯಾಯ್ತು ಅನ್ನಿಸಿತೇನೋ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶೇಕ್ಸ್‌ಪಿಯರನ ಮೇಲೆ ಹೀಗೆ ಕೈ ಮಾಡಬಹುದಾ ಅನ್ನೋ ಪ್ರಶ್ನೆ ನಮಗೆ ಬರಬಾರದು. ನಮ್ಮವರು ಅವನನ್ನು ಮೊದಲಿಂದಲೂ ಮನೆ ಅಳಿಯನ ಹಾಗೆ ನೋಡಿಕೊಂಡವರು. ಬಂದ ಕೂಡಲೇ ಪಂಚೆ ಉಡಿಸಿಬಿಟ್ಟರು. 19ನೇ ಶತಮಾನದ ಕೊನೆಯಲ್ಲಿ ಇದೇ ರೋಮಿಯೋ ಜೂಲಿಯೆಟ್ 'ರಾಮವರ್ಮ ಲೀಲಾವತಿ' ಆಯಿತು. ಅದರಲ್ಲಿ ಸತ್ತ ಪ್ರೇಮಿಗಳನ್ನು ಕೊನೆಗೆ ವಿಷ್ಣು ಬಂದು ಬದುಕಿಸುತ್ತಾನೆ. ಎಂ.ಎಲ್. ಶ್ರೀಕಂಠೇಶಗೌಡರ ಕೈಯಲ್ಲಿ ಮ್ಯಾಕ್‌ಬೆತ್ 'ಪ್ರತಾಪರುದ್ರದೇವ' ಆಯಿತು. 'ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್' ಅರ್ಜುನನನ್ನು ಕರೆತಂದು 'ಪ್ರಮೀಳಾರ್ಜುನೀಯ' ಆಯಿತು. ಇವೆಲ್ಲ ತಮಾಷೆಗೆ ಮಾಡಿದ್ದಲ್ಲ, ನಿಜ. ನಾಟಕ ನೋಡೋಕೆ ಬಂದವರು ಅಳುತ್ತಾ ಮನೆಗೆ ಹೋಗಬಾರದು, ಹೆಸರು ಕೇಳಿದರೆ ನಮ್ಮದು ಅನ್ನಿಸಬೇಕು, ಅಷ್ಟೇ. ಆದರೂ ಮೂಲವನ್ನು ಮುಟ್ಟೋಕೆ ಹೆದರಲಿಲ್ಲ, ಅಲ್ವಾ?

ರೋಮಿಯೋ ಆದ ಮೇಲೆ ಗಾಡಿ ಓಡುತ್ತದೆ. ಟೈಟಸ್ ಆಂಡ್ರಾನಿಕಸ್ ಬಂದಿದ್ದು ಟಿ.ವಿ.ಯ ಅಡುಗೆ ಕಾರ್ಯಕ್ರಮದ ರೂಪದಲ್ಲಿ. ಮೂಲ ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಟೈಟಸ್ ಅನ್ನುವ ರೋಮಿನ ಸೇನಾಪತಿ. ಅವನ ಮಗಳು ಲವೀನಿಯಾಳನ್ನು ಕೆಡಿಸಿ, ನಾಲಿಗೆ, ಕೈ ಎರಡೂ ಕತ್ತರಿಸುತ್ತಾರೆ. ಟೈಟಸ್ ತನ್ನದೂ ಒಂದು ಕೈ ಕಳೆದುಕೊಂಡಿರುತ್ತಾನೆ. ಸೇಡಿಗೆ ಆ ದುಷ್ಟರನ್ನು ಕೊಂದು, ಪೈ ಮಾಡಿ, ಅವರ ತಾಯಿಗೇ ಬಡಿಸುತ್ತಾನೆ. ಶೇಕ್ಸ್‌ಪಿಯರ್ ಬರೆದ ಅತಿ ರಕ್ತಸಿಕ್ತ ನಾಟಕ ಇದು. ಇದನ್ನು ಇವರು ಏಪ್ರನ್ ಕಟ್ಟಿಕೊಂಡು, ಕ್ಯಾಮೆರಾ ಕಡೆ ಹಲ್ಲು ಕಿರಿದು, ರೆಸಿಪಿ ಹೇಳಿದ ಹಾಗೆ ಆಡುತ್ತಾರೆ.

ನನಗೆ ಇಡೀ ಸಂಜೆಯಲ್ಲಿ ನಗು ತಡೆಯೋಕಾಗದೇ ಇದ್ದದ್ದು ಇಲ್ಲಿ. ಪ್ಲಂಬರ್ ಲವೀನಿಯಾ. ಕಾರ್ಡಿಗನ್ ತೋಳಿನೊಳಗೆ ಕೈ ಎಳೆದುಕೊಂಡಿದ್ದಾನೆ, ತೋಳಿನ ತುದಿ ಖಾಲಿ ಜೋತಾಡುತ್ತಿದೆ. ಬಾಯಿಂದ ಬರೀ 'ಊಂ ಊಂ'. ರಕ್ತ ಹಿಡಿಯೋಕೆ ಅಂತ ಸ್ಟೀಲಿನ ದೊಡ್ಡ ಬಟ್ಟಲನ್ನು ಎರಡು ಮೊಣಕೈ ನಡುವೆ ಒತ್ತಿ ಹಿಡಿದಿದ್ದಾನೆ. ಬಟ್ಟಲು ಜಾರತೊಡಗಿತು. ಮೊಣಕೈ ಏರಿಸಿದ, ಇನ್ನಷ್ಟು ಜಾರಿತು. ಮಂಡಿ ಎತ್ತಿ ತಡೆದ. ಒಂಟಿ ಕಾಲಲ್ಲಿ ನಿಂತು, ಬಗ್ಗಿ, ಕೊನೆಗೆ ಬಟ್ಟಲಿನ ಅಂಚನ್ನು ಗಡ್ಡದಲ್ಲಿ ಒತ್ತಿ ಹಿಡಿದ. ಅಷ್ಟು ಹೊತ್ತೂ ಮುಖದಲ್ಲಿ ಟಿ.ವಿ. ಅಸಿಸ್ಟೆಂಟಿನ ನಗು ಹೋಗಲಿಲ್ಲ. ಇದು ಪ್ರಾಕ್ಟೀಸ್ ಮಾಡಿದ್ದೋ, ನಿಜವಾಗಿಯೂ ಜಾರಿದ್ದೋ, ನನಗೆ ಗೊತ್ತಾಗಲಿಲ್ಲ. ಮಾವನವರು ಮಾತ್ರ ಖಡಾಖಂಡಿತವಾಗಿ ಹೇಳಿದರು.

"ಕಲಿತಿರೋದು. ನಿಜವಾಗಿ ಜಾರಿದರೆ ಮನುಷ್ಯ ಮೊದಲು ಕೈ ಹೊರಗೆ ತೆಗೀತಾನೆ."

ಇಷ್ಟು ಚೆನ್ನಾಗಿ ಹೋಗುತ್ತಿದ್ದದ್ದು ಒಥೆಲೋ ಬಂದ ಕೂಡಲೇ ಸಪ್ಪೆಯಾಯಿತು. ಆ ನಾಟಕದ ನಾಯಕ ಕಪ್ಪು ಮನುಷ್ಯ. ನಮ್ಮಲ್ಲಿ ಯಾರೂ ಕಪ್ಪು ನಟರಿಲ್ಲ, ಹಾಗಾಗಿ ಇದನ್ನು ರ್‍ಯಾಪ್ ಹಾಡಾಗಿ ಹೇಳುತ್ತೇವೆ ಅಂತ ಮೂವರೂ ಟೋಪಿ ತಿರುಗಿಸಿ ಹಾಕಿಕೊಂಡು ಶುರು ಮಾಡಿದರು. 1987ರಲ್ಲಿ ಇದು ಹೊಸದಾಗಿ ಕಂಡಿರಬಹುದು. ಈಗ ಮೂವರು ಬಿಳಿ ಗಂಡಸರು ಕೈ ಬೀಸಿ 'ಯೋ ಯೋ' ಅಂದರೆ ಮುಜುಗರ ಆಗುತ್ತದೆ. ಹಿಂದಿನ ಸಾಲಿನಲ್ಲಿದ್ದ ಹುಡುಗರ ಗುಂಪೊಂದು ಇದೇ ಹೊತ್ತಿಗೆ ಬಾರ್‌ಗೆ ಇಳಿದು ಹೋಯಿತು. ಸ್ಥಳಕ್ಕೆ, ಕಾಲಕ್ಕೆ ತಕ್ಕ ಹಾಗೆ ಜೋಕು ಬದಲಾಯಿಸಿಕೊಳ್ಳುವುದು ಈ ನಾಟಕದ ರೂಢಿ. ಕಸದ ಲಾರಿ, ರಸ್ತೆ ಗುಂಡಿ, ಪಾರ್ಕಿಂಗ್ ದಂಡ ಎಲ್ಲವನ್ನೂ ಇವರು ಒಳಗೆ ತುರುಕಿದ್ದರು. ಹಾಗಿದ್ದ ಮೇಲೆ ಇದೊಂದನ್ನು ಯಾಕೆ ಮುಟ್ಟಲಿಲ್ಲ? ನಾನು ಕಳೆದ ಒಂದು ಮಾರ್ಕಿನಲ್ಲಿ ಅರ್ಧ ಇದಕ್ಕೇ ಹೋಗುತ್ತದೆ.

ಹಾಸ್ಯ ನಾಟಕಗಳ ಗತಿ ಚೆನ್ನಾಗಿದೆ. ಎಲ್ಲವನ್ನೂ ಒಟ್ಟಿಗೆ ಕಲೆಸಿ ಒಂದೇ ನಾಟಕ ಮಾಡಿಬಿಟ್ಟಿದ್ದಾರೆ. ಹೇಗಿದ್ದರೂ ಎಲ್ಲದರಲ್ಲೂ ಅದೇ ಹಡಗು ಒಡೆಯೋದು, ಅದೇ ಅವಳಿ ಜವಳಿ, ಅದೇ ಗಂಡು ವೇಷದ ಹೆಣ್ಣು, ಅದೇ ಕೊನೆಗೆ ಮೂರು ನಾಲ್ಕು ಮದುವೆ, ಬೇರೆ ಬೇರೆ ಯಾಕೆ ಆಡಬೇಕು ಅನ್ನೋದು ಅವರ ವಾದ. ವಾದ ಸರಿ ಇದೆ! ತಮಾಷೆ ಅಂದರೆ, ಹಾಸ್ಯ ನಾಟಕಗಳಿಗೆ ದುರಂತ ನಾಟಕಗಳಷ್ಟು ನಗು ಬರಲಿಲ್ಲ. ಅದನ್ನೂ ಅವರೇ ಸ್ಟೇಜ್ ಮೇಲೆ ಹೇಳಿಕೊಳ್ಳುತ್ತಾರೆ. ಕುಲುಕುಲು ನಗೋ ವಸ್ತುವನ್ನು ಅಣಕ ಮಾಡಿದರೆ ಏನು ಸಿಗುತ್ತದೆ? ಗಂಭೀರವಾಗಿರೋದನ್ನು ಬೀಳಿಸಿದಾಗಲೇ ಸದ್ದು.

ಮಿಂಚಿನ ಹಾಗೆ 'ದಿ ಟೇಮಿಂಗ್ ಆಫ್ ದಿ ಶ್ರೂ' ಹೆಸರು ಬಂದು ಹೋಯಿತು. ನಾನು ಮಾವನವರ ಕಿವಿಯಲ್ಲಿ ಹೇಳಿದೆ.

"ಮಾವ, ಇದೇ ನೋಡಿ ನಂಜುಂಡಿ ಕಲ್ಯಾಣದ ಮೂಲ."

"ಯಾವುದು, ಮಾಲಾಶ್ರೀದಾ?"

"ಹೂಂ, ಅದೇ."

"ಅದೂ ಇವನದೇನಾ!"

ಅವರಿಗೆ ಆಶ್ಚರ್ಯ ಆಗಿದ್ದು ಸಹಜ. ಪರ್ವತವಾಣಿಯವರು ಶೇಕ್ಸ್‌ಪಿಯರನ ಆ ನಾಟಕವನ್ನು 'ಬಹದ್ದೂರ್ ಗಂಡ' ಅಂತ ಕನ್ನಡಕ್ಕೆ ತಂದರು. ಅದೇ ಮುಂದೆ 1989ರಲ್ಲಿ 'ನಂಜುಂಡಿ ಕಲ್ಯಾಣ' ಸಿನಿಮಾ ಆಯಿತು. ಸೊಕ್ಕಿನ ಹುಡುಗಿ ದೇವಿ, ಅವಳನ್ನು ಪಳಗಿಸೋಕೆ ಬರುವ ರಘು, ಎಲ್ಲರಿಗೂ ನೆನಪಿದೆ. ಹಿಂದೆ ಶೇಕ್ಸ್‌ಪಿಯರ್ ನಿಂತಿದ್ದಾನೆ ಅಂತ ಎಷ್ಟು ಜನರಿಗೆ ಗೊತ್ತಿತ್ತು? ಗೊತ್ತಾಗಬೇಕಾದ ಅಗತ್ಯವೂ ಇರಲಿಲ್ಲ ಬಿಡಿ.

ಮ್ಯಾಕ್‌ಬೆತ್ ಬಂತು, ಹೋಯಿತು. ಅತಿಯಾದ ಸ್ಕಾಟ್‌ಲೆಂಡ್ ಉಚ್ಚಾರಣೆ ಬಿಟ್ಟರೆ ಅದರಲ್ಲಿ ಏನೂ ಇಲ್ಲ. ಜೂಲಿಯಸ್ ಸೀಸರ್ ಬಂದ ಕೂಡಲೇ ಸತ್ತ.

ರಾಜರ ಚರಿತ್ರೆಯ ನಾಟಕಗಳನ್ನೆಲ್ಲ ಸೇರಿಸಿ ಒಂದು ಅಮೆರಿಕನ್ ಫುಟ್‌ಬಾಲ್ ಪಂದ್ಯ ಮಾಡಿದ್ದಾರೆ. ಕಿರೀಟವೇ ಚೆಂಡು. ಎರಡನೇ ರಿಚರ್ಡ್ ಕೈಯಿಂದ ನಾಲ್ಕನೇ ಹೆನ್ರಿ, ಅವನಿಂದ ಐದನೇ ಹೆನ್ರಿ, ಹೀಗೆ ಪಾಸು ಆಗುತ್ತಾ ಹೋಗುತ್ತದೆ. ಒಬ್ಬ ಕಾಮೆಂಟರಿ ಹೇಳುತ್ತಾನೆ. ನಡುವೆ ಕಿಂಗ್ ಲಿಯರ್ ಮೈದಾನಕ್ಕೆ ನುಗ್ಗುತ್ತಾನೆ. ಕಟ್ಟುಕಥೆಯ ರಾಜನಿಗೆ ಇಲ್ಲಿ ಆಟವಿಲ್ಲ ಅಂತ ರೆಫರಿ ಸೀಟಿ ಊದಿ ಹೊರಗೆ ಹಾಕುತ್ತಾನೆ. ಐಡಿಯಾ ಅದ್ಭುತ. ಒಂದೇ ಸಿಂಹಾಸನಕ್ಕೆ ತಲೆಮಾರುಗಟ್ಟಲೆ ನಡೆದ ಕಿತ್ತಾಟವನ್ನು ಎರಡು ನಿಮಿಷದಲ್ಲಿ ಕಣ್ಣಿಗೆ ಕಟ್ಟೋ ಹಾಗೆ ಹೇಳಿಬಿಡುತ್ತದೆ. ಆದರೆ ಇಂಗ್ಲೆಂಡಿನ ಪಬ್ಬಿನಲ್ಲಿ ಅಮೆರಿಕನ್ ಫುಟ್‌ಬಾಲ್ ಯಾಕೆ? ಆ ಆಟದ ರೂಲ್ಸು ಅಲ್ಲಿ ಕೂತವರಲ್ಲಿ ಯಾರಿಗೂ ಗೊತ್ತಿದ್ದ ಹಾಗೆ ಕಾಣಲಿಲ್ಲ. ಗೋಡೆಯ ಮೇಲೆ ರಗ್ಬಿ ತಂಡದ ಫೋಟೋಗಳೇ ನೇತಾಡುತ್ತಿದ್ದವು. ರಗ್ಬಿ ಮಾಡಿದ್ದರೆ ಮಹಡಿ ಕಿತ್ತುಹೋಗುತ್ತಿತ್ತು. ಹೋದ ಮಾರ್ಕಿನ ಉಳಿದರ್ಧ ಇದಕ್ಕೆ.

ಮೊದಲರ್ಧದ ಕೊನೆಗೆ ಪಟ್ಟಿ ನೋಡಿದರೆ ಹ್ಯಾಮ್ಲೆಟ್ ಒಂದು ಬಾಕಿ. ಪ್ಲಂಬರ್ ನನ್ನ ಕೈಲಾಗಲ್ಲ ಅಂತ ಹಠ ಹಿಡಿದು, ಪ್ರೇಕ್ಷಕರ ನಡುವೆ ಓಡಿ, ಮೆಟ್ಟಿಲಿಳಿದು ಪರಾರಿ. ಕೌನ್ಸಿಲ್ ನೌಕರ ಅವನ ಹಿಂದೆ. ಕೆಳಗೆ ಬಾರ್‌ನಲ್ಲಿ ಸುಮ್ನೆ ಬಿಯರ್ ಕುಡಿಯುತ್ತಾ ಕೂತಿದ್ದವರ ಮಧ್ಯೆ ವಿಗ್ಗು ಹಾಕಿಕೊಂಡ ಗಡ್ಡದ ಮನುಷ್ಯ ಓಡಿದ್ದು, ಅಲ್ಲಿಂದ ಕೇಳಿಬಂದ ಹೋ ಅನ್ನೋ ಸದ್ದು, ಮೇಲೆ ಕೂತ ನಮಗೆ ಬೋನಸ್. ಒಬ್ಬನೇ ಉಳಿದ ಮೇಷ್ಟ್ರು ಹೊತ್ತು ಕಳೆಯೋಕೆ ಶೇಕ್ಸ್‌ಪಿಯರನ 154 ಸಾನೆಟ್‌ಗಳನ್ನೂ ಒಂದು ಸಣ್ಣ ಕಾರ್ಡಿನ ಮೇಲೆ ಇಳಿಸಿದ್ದೇನೆ ಅಂತ ಹೇಳಿ, ಮುಂದಿನ ಸಾಲಿಗೆ ಕೊಟ್ಟು, ಓದಿ ಓದಿ ಹಿಂದಕ್ಕೆ ಕಳಿಸಿ ಅಂದರು. ಕಾರ್ಡು ಕೈಯಿಂದ ಕೈಗೆ ಬಂತು. ಅದರಲ್ಲೇನಿತ್ತು ಅಂತ ಹೇಳಲ್ಲ, ನೀವೇ ಹೋಗಿ ಓದಿ.

ಇಂಟರ್ವಲ್ ಹದಿನೈದು ನಿಮಿಷ ಅಂತ ಹೇಳಿ ಅರ್ಧ ಗಂಟೆ ಎಳೆದರು. ಪಬ್ಬಿನವರಿಗೆ ವ್ಯಾಪಾರ ಆಗಬೇಕಲ್ಲ. ಟಾಯ್ಲೆಟ್ ಕೆಳಗಿದೆ, ಮೆಟ್ಟಿಲು ಕಡಿದು, ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಗಮನಿಸಿ. ಮಹಡಿಯ ನಡುಮಧ್ಯೆ ಒಂದು ಮರದ ಕಂಬ ಇದೆ. ಅದರ ಹಿಂದೆ ಸಿಕ್ಕಿಕೊಂಡರೆ ಅರ್ಧ ಸ್ಟೇಜ್ ಕಾಣಲ್ಲ. ಸೀಟ್ ನಂಬರ್ ಇಲ್ಲ, ಮೊದಲು ಬಂದವರಿಗೆ ಒಳ್ಳೇ ಜಾಗ.

ಎರಡನೇ ಅರ್ಧ ಪೂರ್ತಿ ಹ್ಯಾಮ್ಲೆಟ್. ನಾಟಕದ ತಿರುಳು ಇರೋದು ಇಲ್ಲೇ. ದೆವ್ವ ಬರುತ್ತದೆ, ಬೊಂಬೆಗಳು ಬರುತ್ತವೆ, ಹ್ಯಾಮ್ಲೆಟ್ ಪ್ರೀತಿಸಿದ ಹುಡುಗಿ ಒಫೀಲಿಯಾಗೆ ಹುಚ್ಚು ಹಿಡಿಯುತ್ತದೆ. ಒಫೀಲಿಯಾಳ ಮನಸ್ಸಿನೊಳಗೆ ಏನು ನಡೆಯುತ್ತಿದೆ ಅಂತ ತೋರಿಸೋಕೆ ಇವರು ಇಡೀ ಪ್ರೇಕ್ಷಕರನ್ನೇ ಬಳಸಿಕೊಳ್ಳುತ್ತಾರೆ. ಮನಸ್ಸಿಗೆ ಮೂರು ಭಾಗ ಅಂತ ಮನೋವಿಜ್ಞಾನಿ ಫ್ರಾಯ್ಡ್ ಹೇಳಿದ ಈಗೋ, ಇಡ್, ಸೂಪರ್‌ಈಗೋ ಅಂತ ಸಭೆಯನ್ನು ಭಾಗ ಮಾಡಿದರು. ಒಬ್ಬ ಕಾಲೇಜು ಹುಡುಗಿಯನ್ನು ಎಬ್ಬಿಸಿ ಸ್ಟೇಜ್ ಮೇಲೆ ನಿಲ್ಲಿಸಿದರು. ಅವಳ ಕೆಲಸ ಒಂದೇ, ಹೇಳಿದಾಗ ಕಿರುಚೋದು. ಇನ್ನೊಬ್ಬ ದಪ್ಪ ಮನುಷ್ಯ ಈಗೋ ಆಗಿ ಸ್ಟೇಜಿನ ಈ ಕಡೆಯಿಂದ ಆ ಕಡೆಗೆ ಓಡಬೇಕು. ಒಂದು ಭಾಗದವರು ಹೋಗು, ಮಠ ಸೇರು ಅಂತ ಅರಚಬೇಕು. ಇನ್ನೊಂದು ಭಾಗದವರು ನನಗೆ ವಯಸ್ಸಾಗುತ್ತಿದೆ, ಈಗಲೇ ಮಕ್ಕಳು ಬೇಕು ಅಂತ ಅರಚಬೇಕು. ನಾವಿದ್ದ ಭಾಗ ಇಡ್. ಎರಡೂ ಕೈ ಮೇಲೆತ್ತಿ ಆಡಿಸುತ್ತಾ, ಕೀಚಲು ದನಿಯಲ್ಲಿ 'ಮೇಬಿ, ಮೇಬಿ ನಾಟ್' ಅನ್ನಬೇಕು.

ನಾನು ಸಂಕೋಚದಿಂದ ಅರ್ಧ ಕೈ ಎತ್ತಿದೆ. ಪಕ್ಕಕ್ಕೆ ನೋಡಿದರೆ ಮಾವನವರು ಎದ್ದೇ ನಿಂತಿದ್ದಾರೆ. ಎರಡೂ ಕೈ ಆಕಾಶಕ್ಕೆ. ಶಕುನಿಯ ದನಿಯಲ್ಲಿ, ಪೂರ್ತಿ ಕಂಠ ಬಿಟ್ಟು 'ಮೇಬೀ... ಮೇಬಿ ನಾಟ್!' ಕೌನ್ಸಿಲ್ ನೌಕರ ಆಟ ನಿಲ್ಲಿಸಿ, ಅವರ ಕಡೆ ಕೈ ತೋರಿಸಿ, ಉಳಿದ ಇಡ್‌ಗಳೆಲ್ಲ ಈ ಸಾಹೇಬರನ್ನು ನೋಡಿ ಕಲಿಯಿರಿ ಅಂದ. ಚಪ್ಪಾಳೆ. ಅವರ ಐದಕ್ಕೆ ಐದರಲ್ಲಿ ಇದರ ಪಾಲು ಎಷ್ಟಿದೆ ಅಂತ ನಾನು ಕೇಳಲಿಲ್ಲ.

ಇಷ್ಟೆಲ್ಲ ಗದ್ದಲದ ನಡುವೆ ಒಂದು ನಿಮಿಷ ಬರುತ್ತದೆ. ಅದಕ್ಕಾಗಿಯೇ ನಾನು ಈ ನಾಟಕವನ್ನು ನೋಡಿ ಅನ್ನುತ್ತಿರೋದು. ಮೇಷ್ಟ್ರು ಸ್ಟೇಜಿನ ಮುಂದಕ್ಕೆ ಬಂದರು. ಟೋಪಿ ಇಲ್ಲ, ವಿಗ್ಗಿಲ್ಲ. ಹ್ಯಾಮ್ಲೆಟ್ ತನ್ನ ಹಳೇ ಗೆಳೆಯರ ಹತ್ತಿರ ಹೇಳಿಕೊಳ್ಳುವ ಮಾತನ್ನು, ಯಾವ ಕುಚೇಷ್ಟೆಯೂ ಇಲ್ಲದೆ, ಸುಮ್ಮನೆ ಹೇಳಿದರು. ಯಾಕೋ ಗೊತ್ತಿಲ್ಲ, ಇತ್ತೀಚೆಗೆ ನನ್ನ ಗೆಲುವೆಲ್ಲ ಹೋಗಿಬಿಟ್ಟಿದೆ. ಮನುಷ್ಯ ಎಂಥ ಅದ್ಭುತ ಸೃಷ್ಟಿ, ಎಷ್ಟು ಬುದ್ಧಿ, ಎಷ್ಟು ಶಕ್ತಿ. ಆದರೂ ನನಗೆ ಈ ಧೂಳಿನ ಮುದ್ದೆಯಿಂದ ಏನಾಗಬೇಕಾಗಿದೆ? ದನಿ ಏರಿಸಲಿಲ್ಲ. ಕೈ ಆಡಿಸಲಿಲ್ಲ. ಕೆಳಗಿನ ಬಾರ್‌ನಿಂದ ಗ್ಲಾಸು ತೊಳೆಯೋ ಸದ್ದು ಕೇಳುವಷ್ಟು ಮಹಡಿ ತಣ್ಣಗಾಯಿತು. ಹುಡುಗರ ಗುಂಪೂ ಬಾಯಿ ಮುಚ್ಚಿಕೊಂಡು ಕೂತಿತ್ತು. ಇದು ಇವರ ಸ್ವಂತ ಸೇರ್ಪಡೆಯಲ್ಲ, ಸ್ಕ್ರಿಪ್ಟಿನಲ್ಲೇ ಇರೋದು. ಆದರೆ ಅಷ್ಟು ಹೊತ್ತು ಕುಣಿದು ಕುಪ್ಪಳಿಸಿದವನು ಅದನ್ನು ನಂಬಿಸಬೇಕಲ್ಲ. ನಂಬಿಸಿದರು.

ಮಾವನವರಿಗೆ ಮಾತು ಎಷ್ಟು ಅರ್ಥವಾಯಿತೋ ಏನೋ. ಮುಂದಕ್ಕೆ ಬಾಗಿ ಕೂತಿದ್ದರು.

"ಈ ಮೇಷ್ಟ್ರಿಗೆ ಪಾರ್ಟು ಬರುತ್ತಮ್ಮ. ಅದಕ್ಕೇ ಕೆಡಿಸಿದರೂ ಚೆಂದ."

ನನ್ನ ಅಭಿಪ್ರಾಯವೂ ಅದೇ. ಇಂಥ ಅಣಕದ ನಾಟಕಗಳನ್ನು ಇಲ್ಲೂ ನೋಡಿದ್ದೇನೆ, ಬೆಂಗಳೂರಿನ ಕಾಲೇಜು ಫೆಸ್ಟ್‌ಗಳಲ್ಲೂ ನೋಡಿದ್ದೇನೆ. ಮಹಾಭಾರತ ಅಂತ ಹೇಳಿ ಭೀಮನ ಕೈಗೆ ಮೊಬೈಲ್ ಕೊಡೋದು, ದ್ರೌಪದಿಗೆ ಕೂಲಿಂಗ್ ಗ್ಲಾಸ್ ಹಾಕೋದು. ಐದು ನಿಮಿಷಕ್ಕೆ ಸಾಕಾಗುತ್ತದೆ. ಯಾಕಂದರೆ ಆಡುವವರಿಗೆ ಗದೆ ಹಿಡಿಯೋಕೇ ಬರಲ್ಲ. ಗುಬ್ಬಿ ವೀರಣ್ಣನವರು ಹೆಸರು ಮಾಡಿದ್ದು ಹಾಸ್ಯಗಾರರಾಗಿ. ಸದಾರಮೆಯ ಕಳ್ಳನ ಪಾತ್ರದಲ್ಲಿ ಅವರನ್ನು ನೋಡೋಕೇ ಜನ ಬರುತ್ತಿದ್ದರು. ಅಂಥ ಹಾಸ್ಯಕ್ಕೆ ಹಿಂದೆ ಒಂದು ಇಡೀ ಕಂಪನಿಯ ಕಸುಬಿತ್ತು. ಈ ಪಬ್ಬಿನ ಮೂವರಲ್ಲಿ ಅಷ್ಟು ಕಸುಬಿದೆ ಅಂತ ನಾನು ಹೇಳುತ್ತಿಲ್ಲ. ಕೌನ್ಸಿಲ್ ನೌಕರನಿಗೆ ಭಾಷಣ ಬಿಟ್ಟರೆ ಬೇರೇನೂ ಅಷ್ಟಾಗಿ ಒಗ್ಗಲ್ಲ. ಅವನು ಮಾಡಿದ ಹ್ಯಾಮ್ಲೆಟ್‌ನ ಚಿಕ್ಕಪ್ಪ ಕ್ಲಾಡಿಯಸ್ ಯಾರು, ಅಪ್ಪನ ದೆವ್ವ ಯಾರು ಅಂತ ವ್ಯತ್ಯಾಸವೇ ಗೊತ್ತಾಗಲಿಲ್ಲ. ಎರಡಕ್ಕೂ ಒಂದೇ ಕಾಲು ಅಂತ ಮಾವನವರ ತೀರ್ಪು. ಮೇಷ್ಟ್ರು, ಪ್ಲಂಬರ್ ಇಬ್ಬರಿಗೆ ಮಾತ್ರ ಮೂಲ ಗೊತ್ತಿದೆ, ಅದರ ಮೇಲೆ ಪ್ರೀತಿಯೂ ಇದೆ.

ಕತ್ತಿವರಸೆ ಆಗಿ, ಎಲ್ಲರೂ ಸತ್ತು ಬಿದ್ದ ಮೇಲೆ ನಾಟಕ ಮುಗಿಯಬೇಕು. ಮುಗಿಯಲ್ಲ. ಸಮಯ ಇನ್ನೂ ಇದೆ ಅಂತ ಎದ್ದು ಹ್ಯಾಮ್ಲೆಟ್ ಪೂರ್ತಿ ಮತ್ತೆ ಆಡುತ್ತಾರೆ, ಜೋರಾಗಿ. ಮತ್ತೆ ಸಾಯುತ್ತಾರೆ. ಮತ್ತೆ ಎದ್ದು ಇನ್ನೂ ಜೋರಾಗಿ. ಕೊನೆಗೆ ಹಿಂದುಮುಂದಾಗಿ. ಸತ್ತವರು ಮೊದಲು ಏಳುತ್ತಾರೆ, ಕತ್ತಿ ಹೊಟ್ಟೆಯಿಂದ ಹೊರಗೆ ಬರುತ್ತದೆ, ವಿಷ ಬಾಯಿಂದ ಲೋಟಕ್ಕೆ ವಾಪಸ್, ಮಾತೂ ಉಲ್ಟಾ. ಪ್ಲಂಬರ್‌ನ ವಿಗ್ಗು ಆ ಹೊತ್ತಿಗೆ ತಲೆಯ ಮೇಲಿಂದ ಗಡ್ಡಕ್ಕೆ ಇಳಿದಿತ್ತು.

ಇಲ್ಲಿ ಮಾವನವರು ನಕ್ಕಿದ್ದು ನೋಡಬೇಕಿತ್ತು. ಕಣ್ಣಲ್ಲಿ ನೀರು. ಅವರಿಗೆ ಇದು ಹೊಸದಲ್ಲ. ನಮ್ಮ ಕಡೆ ಚೆನ್ನಾಗಿ ಹಾಡಿ ಸತ್ತವನಿಗೆ ಜನ 'ಒನ್ಸ್ ಮೋರ್' ಅಂತ ಕೂಗುತ್ತಾರೆ. ಅವನು ಎದ್ದು, ಧೂಳು ಕೊಡವಿ, ಅದೇ ಪದ್ಯ ಇನ್ನೊಮ್ಮೆ ಹಾಡಿ, ಮತ್ತೆ ಸಾಯುತ್ತಾನೆ. ಮನೆಗೆ ಬರೋ ದಾರಿಯಲ್ಲಿ ಹೇಳಿದರು.

"ಒಂದು ಸಲ ದುರ್ಯೋಧನನನ್ನ ಎರಡು ಸಲ ಎಬ್ಬಿಸಿದ್ರು. ಮೂರನೇ ಸಲ ಭೀಮನೇ ಬೇಡ ಅಂದ. ಕೈ ನೋಯ್ತಿತ್ತಂತೆ ಅವನಿಗೆ."

ಯಾರು ಹೋಗಬಹುದು? ಶೇಕ್ಸ್‌ಪಿಯರ್ ಓದಿರಲೇಬೇಕು ಅಂತೇನಿಲ್ಲ. ರೋಮಿಯೋ ಜೂಲಿಯೆಟ್, ಹ್ಯಾಮ್ಲೆಟ್ ಎರಡರ ಕಥೆ ಗೊತ್ತಿದ್ದರೆ ಮುಕ್ಕಾಲು ಪಾಲು ಜೋಕು ಸಿಗುತ್ತದೆ. ಇಂಗ್ಲಿಷ್ ನಾಟಕ ಅಂದರೆ ದೂರ ಸರಿಯುವ ಅಪ್ಪ ಅಮ್ಮ, ಅತ್ತೆ ಮಾವ ಬಂದಿದ್ದರೆ ಧೈರ್ಯವಾಗಿ ಕರೆದುಕೊಂಡು ಹೋಗಿ, ಹೋಗುವ ದಾರಿಯಲ್ಲಿ ಆ ಎರಡು ಕಥೆ ಹೇಳಿ. ಹತ್ತು ಹನ್ನೆರಡು ವರ್ಷದೊಳಗಿನ ಮಕ್ಕಳು ಬೇಡ. ಪೋಲಿ ಜೋಕು ಸಾಕಷ್ಟಿವೆ, ಬಿಡಿಸಿ ಹೇಳು ಅಂತ ಕೇಳಿದರೆ ನಿಮಗೇ ಕಷ್ಟ. ಮೊದಲ ಎರಡು ಸಾಲು ಬಿಟ್ಟು ಕೂತುಕೊಳ್ಳಿ. ಹೆಣ್ಣು ಪಾತ್ರಗಳಿಗೆ ಸಾಯುವ ಮುಂಚೆ ವಾಂತಿ ಬರುತ್ತದೆ, ಅದು ಯಾವಾಗಲೂ ಪ್ರೇಕ್ಷಕರ ಕಡೆಗೇ. ಬೆನ್ನಿಗೆ ಆಸರೆ ಇರುವ ಕುರ್ಚಿಗಳು ಗೋಡೆ ಪಕ್ಕ ಮಾತ್ರ ಇವೆ.

ಪಬ್ಬಿನಲ್ಲಿ ಸಸ್ಯಾಹಾರಿಗಳಿಗೆ ಚಿಪ್ಸು, ಅಣಬೆ ಪೈ ಎರಡೇ. ಪೈ ಚೆನ್ನಾಗಿದೆ. ಆದರೆ ನಾಟಕ ಶುರುವಾಗುವ ಮೊದಲೇ ತಿಂದುಬಿಡಿ. ಟೈಟಸ್ ಅಡುಗೆ ಮಾಡಿ ತೋರಿಸಿದ ಮೇಲೆ ಅದು ಗಂಟಲಲ್ಲಿ ಇಳಿಯೋದು ಕಷ್ಟ.